ಎಲ್ಲರ ಮೆಚ್ಚುಗೆ ಬೇಕು ಅನ್ನೋ ಹಸಿವು: ಸೋಮವಾರ ಬೆಳಿಗ್ಗೆಗೂ ಉಳಿಯುವ ಸಂತೋಷ ಎಲ್ಲಿದೆ?

ಬೆಟಗೇರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 23. ಊರು ಗದಗ-ಬೆಟಗೇರಿ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಮುತ್ತಜ್ಜನ ಕಾಲದಿಂದ ನಾವು ಬಾಸೆಲ್ ಮಿಶನ್ ಸಭೆಯವರು, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರು. ಸಂಡೇ ಸ್ಕೂಲಿನಲ್ಲಿ ಕಲಿತ ವಚನಗಳು ಇವತ್ತಿಗೂ ಬಾಯಿಗೆ ಬರುತ್ತವೆ.

ಆಫೀಸಿನಲ್ಲಿ ನಮ್ಮದು ಐದು ಜನರ ಗುಂಪು. ಅವರು ಹಾಕುವಂಥ ಬಟ್ಟೆಯನ್ನೇ ನಾನೂ ತೆಗೆದುಕೊಳ್ಳುತ್ತೇನೆ. ಅವರು ನಗುವ ಮಾತಿಗೆ ನಾನೂ ನಗುತ್ತೇನೆ. ಒಂದು ದಿನ ಒಬ್ಬಳು ಪ್ರಾರ್ಥನೆ ಮಾಡುವವರ ಬಗ್ಗೆ ಏನೋ ತಮಾಷೆ ಮಾಡಿದಳು. ಅದಕ್ಕೂ ನಕ್ಕೆ. ಮೊದಲೆಲ್ಲ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ. ಈಗ ಫೋನ್ ನೋಡುವ ಹಾಗೆ ತಲೆ ತಗ್ಗಿಸಿ ಎರಡು ಸೆಕೆಂಡಿನಲ್ಲಿ ಮುಗಿಸುತ್ತೇನೆ. ಹೋದ ತಿಂಗಳು ಉಳಿದ ನಾಲ್ಕು ಜನ ಗೋವಾಗೆ ಹೋಗಿ ಬಂದರು. ನನಗೆ ಹೇಳಲೇ ಇಲ್ಲ. ರಾತ್ರಿ ಫೋಟೋ ನೋಡಿದಾಗ ಗೊತ್ತಾಯಿತು. ಎರಡು ಗಂಟೆಯವರೆಗೆ ಅತ್ತೆ.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಾನು ಚರ್ಚಿನ ಗಾಯನ ತಂಡದಲ್ಲಿದ್ದೇನೆ. ಒಂದು ಭಾನುವಾರ ಒಬ್ಬಳೇ ಹಾಡಿದೆ. ಏಳೆಂಟು ಜನ ಬಂದು "ಬಹಳ ಚೆನ್ನಾಗಿತ್ತು" ಅಂದರು. ಇಡೀ ದಿನ ಕಾಲು ನೆಲದ ಮೇಲೆ ಇರಲಿಲ್ಲ. ಮುಂದಿನ ವಾರವೂ ಹಾಡಿದೆ, ಯಾರೂ ಏನೂ ಅನ್ನಲಿಲ್ಲ. ಅವತ್ತು ಪ್ರಭು ಭೋಜನ ಇತ್ತು, ಯೇಸುವನ್ನು ನೆನೆದು ರೊಟ್ಟಿ ತೆಗೆದುಕೊಳ್ಳುವ ಆರಾಧನೆ. ರೊಟ್ಟಿ ಕೈಯಲ್ಲಿತ್ತು, ಮನಸ್ಸು ಮಾತ್ರ "ಇವತ್ತು ಯಾಕೆ ಯಾರೂ ಏನೂ ಹೇಳಲಿಲ್ಲ" ಅಂತ ಕೇಳುತ್ತಿತ್ತು. ಆಗ ನಿಜಕ್ಕೂ ಭಯ ಆಯಿತು.

"ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ" ಅಂತ ಪಾಸ್ಟರ್ ಹೇಳುತ್ತಾರೆ. ನಾನು ನಂಬುತ್ತೇನೆ. ಆದರೆ ಸೋಮವಾರ ಬೆಳಿಗ್ಗೆ ಅದೇ ಕ್ಯಾಂಟೀನಿನಲ್ಲಿ, ಅದೇ ಟೇಬಲ್ ಮುಂದೆ ಕೂತಾಗ ಆ ಸಂತೋಷ ಎಲ್ಲಿಂದ ಬರುತ್ತದೆ? ಅನುಭವ ಇರುವವರು ಹೇಳಿ.

ಹುಬ್ಬಳ್ಳಿ ಅಣ್ಣ

ತಂಗಿ, ಮೊದಲು ಆ ಗುಂಪು ಬಿಡು. ಕೆಟ್ಟ ಸಹವಾಸ ಒಳ್ಳೆಯ ನಡತೆಯನ್ನು ಕೆಡಿಸುತ್ತದೆ ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಪ್ರಾರ್ಥನೆಯನ್ನು ಹಾಸ್ಯ ಮಾಡುವವರ ಜೊತೆ ನಿನಗೇನು ಕೆಲಸ? ನಿಮ್ಮ ಸಭೆಯ ಯುವಜನ ಕೂಟಕ್ಕೆ ಸೇರು. ಎಲ್ಲ ಸರಿ ಹೋಗುತ್ತದೆ.

ಕರಾವಳಿ ಅಕ್ಕ

ಅಣ್ಣ, ಆಕೆ ಬರೆದದ್ದನ್ನು ಪೂರ್ತಿ ಓದಿದಿರಾ? ಗಾಯನ ತಂಡದಲ್ಲೂ ಅದೇ ತೊಂದರೆ ಅಂತ ಹೇಳಿದ್ದಾಳೆ. ಗುಂಪು ಬದಲಾಯಿಸಿದರೆ ಹಸಿವು ಬದಲಾಗುತ್ತದಾ? ಆಫೀಸಿನವರ ಶಭಾಷ್ ಬದಲು ಚರ್ಚಿನವರ ಶಭಾಷ್ ಬೇಕು ಅನಿಸುತ್ತದೆ, ಅಷ್ಟೇ.

ಮತ್ತೆ ಯೇಸು ಸುಂಕದವರ ಮನೆಯಲ್ಲಿ ಊಟಕ್ಕೆ ಕೂತವನು. ಸಹವಾಸಕ್ಕೆ ಹೆದರಿ ಓಡಿದ್ದರೆ, ಆತನನ್ನು ನೋಡಲು ಮರ ಹತ್ತಿದ್ದ ಸುಂಕದವನು ಜಕ್ಕಾಯ ಇನ್ನೂ ಮರದ ಮೇಲೇ ಇರುತ್ತಿದ್ದ.

ತುಮಕೂರು ಹೈದ

"ರೊಟ್ಟಿ ಕೈಯಲ್ಲಿತ್ತು." ಇದನ್ನು ಓದಿ ಐದು ನಿಮಿಷ ಸುಮ್ನೆ ಕೂತೆ. ನನ್ನದೂ ಇದೇ ಕಥೆ. ನಾನು ಗಿಟಾರ್ ನುಡಿಸುತ್ತೇನೆ.

ಧಾರವಾಡದ ಮೇಷ್ಟ್ರು

ಬೆಟಗೇರಿ ಮಗಳೇ, ನಿನಗೆ ಭಯ ಆಯಿತಲ್ಲ, ಅದು ಒಳ್ಳೆಯ ಭಯ. 34 ವರ್ಷ ಪಾಠ ಮಾಡಿದವನು ನಾನು. ಅದರಲ್ಲಿ ಅರ್ಧ ಕಾಲ ಮಕ್ಕಳು "ಒಳ್ಳೆಯ ಮೇಷ್ಟ್ರು" ಅನ್ನಲಿ ಅಂತಲೇ ಪಾಠ ಮಾಡಿದ್ದೇನೆ. ಹಾಗಾಗಿ ಉಪದೇಶ ಮಾಡಲು ಬಂದಿಲ್ಲ, ನನಗೆ ಸಿಕ್ಕ ಸಮಾಧಾನ ಹೇಳುತ್ತೇನೆ.

ಗಲಾತ್ಯ 2ನೇ ಅಧ್ಯಾಯ ತೆಗೆದು ಓದು. ಯೇಸುವಿನ ಶಿಷ್ಯ ಪೇತ್ರನು ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯ ಕೆಲವರು ಬಂದರು. ತಕ್ಷಣ ಪೇತ್ರ ಹಿಂದೆ ಸರಿದು ಬೇರೆ ಕೂತ. ಯಾಕೆ? ಬಂದವರಿಗೆ ಹೆದರಿ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಹಾಗೇ ಮಾಡಿದ. ಗಮನಿಸು, ಬಂದವರು ಲೋಕದವರಲ್ಲ, ಸಭೆಯವರೇ. ಪಂಚಾಶತ್ತಮ ಹಬ್ಬದ ದಿನ ಸಾವಿರಾರು ಜನರ ಮುಂದೆ ನಿಂತು ಮಾತಾಡಿದ ಪೇತ್ರನಿಗೆ ಊಟದ ಪಂಕ್ತಿಯಲ್ಲಿ ಧೈರ್ಯ ಸಾಲಲಿಲ್ಲ. ಅಂದರೆ ಕ್ಯಾಂಟೀನಿನಲ್ಲಿ ಎಡವಿದ ಮೊದಲ ವಿಶ್ವಾಸಿ ನೀನಲ್ಲ.

ನಮ್ಮ ಸೀಮೆಯವರಿಗೆ ಪಂಕ್ತಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಯಾರ ಜೊತೆ ಕೂತು ಉಣ್ಣುತ್ತೀಯ ಅನ್ನುವುದರ ಮೇಲೆಯೇ ಇಲ್ಲಿ ಎಷ್ಟೋ ಶತಮಾನ ಮಾನ ಅಳೆದಿದ್ದಾರೆ. ಅದಕ್ಕೇ ಆ ಅಧ್ಯಾಯ ನನಗೆ ತುಂಬ ಹತ್ತಿರ ಅನಿಸುತ್ತದೆ.

ಇಸ್ರಾಯೇಲಿನ ಸೌಲ ಅರಸನದೂ ಅಷ್ಟೇ. "ಜನರಿಗೆ ಹೆದರಿ ಅವರ ಮಾತು ಕೇಳಿದೆ" ಅಂತ ಪ್ರವಾದಿ ಸಮುವೇಲನ ಮುಂದೆ ಒಪ್ಪಿಕೊಳ್ಳುತ್ತಾನೆ. ಆಮೇಲೂ ಕೇಳುವುದೇನು? ಹಿರಿಯರ ಮುಂದೆ ನನ್ನ ಮಾನ ಉಳಿಸು ಅಂತ. ರಾಜ್ಯ ಕೈಬಿಟ್ಟು ಹೋಗುತ್ತಿದೆ, ಆದರೂ ನಾಲ್ಕು ಜನರ ಮುಂದಿನ ಮರ್ಯಾದೆಯದೇ ಚಿಂತೆ. ಯೋಹಾನ 12:43 ಇದೇ ಕಾಯಿಲೆಗೆ ಹೆಸರು ಕೊಡುತ್ತದೆ: ದೇವರಿಂದ ಬರುವ ಮಾನಕ್ಕಿಂತ ಮನುಷ್ಯರಿಂದ ಬರುವ ಮಾನ ಅವರಿಗೆ ಇಷ್ಟವಾಗಿತ್ತು.

ಹುಬ್ಬಳ್ಳಿ ಅಣ್ಣ

ಪೇತ್ರನ ವಿಷಯ ಒಪ್ಪಿದೆ ಮೇಷ್ಟ್ರೇ. ಅವಸರದಲ್ಲಿ ಬರೆದೆ. ಆದರೂ ಎಳೆ ವಯಸ್ಸಿನವರು ಯಾರ ಜೊತೆ ಜಾಸ್ತಿ ಹೊತ್ತು ಕಳೆಯುತ್ತಾರೆ ಅನ್ನುವುದು ಸಣ್ಣ ಮಾತಲ್ಲ. ನನ್ನ ತಮ್ಮ ಗುಂಪಿನ ಜೊತೆ ಸೇರಿಯೇ ಕುಡಿತ ಕಲಿತ. ಅದಕ್ಕೆ ಹೇಳಿದ್ದು.

ಕೋಲಾರದ ಓದುಗ

ಅಣ್ಣನ ಮಾತಿನಲ್ಲೂ ಸತ್ಯ ಇದೆ. ಸಂತ ಅಗಸ್ಟೀನ ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಪಕ್ಕದ ತೋಟದ ಪೇರು (ಪಿಯರ್) ಹಣ್ಣು ಕದ್ದಿದ್ದ. ಹಸಿವಿಗಲ್ಲ. ಹಣ್ಣನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ಆ ಕೆಲಸ ಮಾಡುತ್ತಲೇ ಇರಲಿಲ್ಲ ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಗುಂಪಿನಲ್ಲಿದ್ದಾಗ ನಾಚಿಕೆ ಇಲ್ಲದಿರುವುದೇ ಹೆಮ್ಮೆ ಅನಿಸುತ್ತದೆ, ಅಲ್ವಾ? ಆ ತಮಾಷೆಗೆ ನೀವು ನಕ್ಕದ್ದು ಇಂಥದ್ದೇ ಪೇರು ಹಣ್ಣು.

ಅರಸೀಕೆರೆ ಪಯಣಿಗ

ನಾನು ಕ್ರೈಸ್ತನಲ್ಲ, ಲಿಂಗಾಯತ ಮನೆಯವನು. ಗೆಳೆಯ ಕಳಿಸಿದ ಅಂತ ಓದುತ್ತಿದ್ದೇನೆ. ಕೇಳಬಹುದು ಅಂದುಕೊಂಡಿದ್ದೇನೆ. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿ ನಿಂದೆ ಬಂದೇ ಬರುತ್ತವೆ, ಸಮಾಧಾನಿಯಾಗಿರಬೇಕು ಅಂತ ನಮ್ಮ ಅಕ್ಕ ಎಂಟುನೂರು ವರ್ಷಕ್ಕೂ ಹಿಂದೆ ಹೇಳಿದ್ದಾಳೆ. ಹೊಗಳಿಕೆಗೆ ಉಬ್ಬಬೇಡ, ತೆಗಳಿಕೆಗೆ ಕುಗ್ಗಬೇಡ. ಇದು ಸಾಲದೇ? ಇದಕ್ಕೆ ಕ್ರಿಸ್ತನೇ ಯಾಕೆ ಬೇಕು? ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಹಾಸನದ ಗೃಹಿಣಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅಕ್ಕನ ಮಾತನ್ನು ನಾನೂ ಶಾಲೆಯಲ್ಲಿ ಕಲಿತಿದ್ದೇನೆ. ಇವತ್ತಿಗೂ ಅದು ನನಗೆ ಪ್ರೀತಿಯ ಮಾತು. ನನಗೆ ಕಾಣುವ ವ್ಯತ್ಯಾಸ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ನಾನು ಸಮಾಧಾನಿಯಾಗಿರಲು ಬಹಳ ಪ್ರಯತ್ನ ಪಟ್ಟವಳು. ಮದುವೆಯಾದ ಹೊಸತರಲ್ಲಿ ಅತ್ತೆ ಮನೆಯಲ್ಲಿ ನನ್ನ ಅಡುಗೆ, ನನ್ನ ಬಣ್ಣ, ನನ್ನ ತವರು ಎಲ್ಲದರ ಮೇಲೂ ಮಾತು ಬರುತ್ತಿತ್ತು. ತಲೆ ಕೆಡಿಸಿಕೊಳ್ಳಬಾರದು ಅಂತ ದಿನಕ್ಕೆ ನೂರು ಸಲ ನನಗೇ ಹೇಳಿಕೊಂಡೆ. ಆಗಲಿಲ್ಲ. ಯಾರಾದರೂ ಒಬ್ಬರು "ನೀನು ಚೆನ್ನಾಗಿದ್ದೀಯ" ಅನ್ನಲಿ ಅಂತ ಒಳಗೆ ಒಂದು ಮಗು ಅಳುತ್ತಲೇ ಇತ್ತು. ಆ ಮಗುವನ್ನು ಬೈದು ಸುಮ್ಮನಿರಿಸಲು ನನ್ನಿಂದ ಆಗಲಿಲ್ಲ.

ಒಂದು ದಿನ ಮಾರ್ಕನ ಮೊದಲ ಅಧ್ಯಾಯ ಓದುತ್ತಿದ್ದೆ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಮೇಲಕ್ಕೆ ಬರುತ್ತಾನೆ. ನೀನು ಪ್ರಿಯನಾಗಿರುವ ನನ್ನ ಮಗನು, ನಿನ್ನನ್ನು ಮೆಚ್ಚಿದ್ದೇನೆ ಅಂತ ಆಕಾಶದಿಂದ ಮಾತು ಬರುತ್ತದೆ. ಎಷ್ಟು ಸಲ ಕೇಳಿದ್ದೆನೋ ಲೆಕ್ಕ ಇಲ್ಲ. ಅವತ್ತು "ಮೆಚ್ಚಿದ್ದೇನೆ" ಅನ್ನುವ ಪದಕ್ಕೆ ಬಂದು ನಿಂತೆ. ಮೆಚ್ಚುಗೆ! ನಾನು ಊರೆಲ್ಲ ಹುಡುಕುತ್ತಿದ್ದದ್ದು ಅದನ್ನೇ ತಾನೇ? ಆ ಮಾತು ಬಂದದ್ದು ಯಾವಾಗ ನೋಡಿ. ಆ ಸುವಾರ್ತೆಯಲ್ಲಿ ಅಲ್ಲಿಯವರೆಗೆ ಯೇಸು ಒಂದು ಬೋಧನೆ ಮಾಡಿಲ್ಲ. ಒಬ್ಬ ಕುಷ್ಠರೋಗಿಯನ್ನೂ ವಾಸಿ ಮಾಡಿಲ್ಲ. ಕೆಲಸ ಶುರುವಾಗುವ ಮೊದಲೇ ಮೆಚ್ಚುಗೆ ಬಂತು.

ನಮ್ಮದು ಉಲ್ಟಾ. ಹಾಡಿದರೆ ಮೆಚ್ಚುಗೆ, ಒಳ್ಳೆಯ ಸಾರು ಮಾಡಿದರೆ ಮೆಚ್ಚುಗೆ, ನಕ್ಕರೆ ಮೆಚ್ಚುಗೆ. ಹಾಗಾಗಿ ನಾಳೆ ಕಳೆದುಕೊಳ್ಳುವ ಭಯ. ಕ್ರಿಸ್ತನಲ್ಲಿ ದೇವರು ನನ್ನನ್ನೂ ಮಗಳೇ ಅಂತ ಕರೆದಿದ್ದಾನೆ. ನಾನು ಏನೂ ಮಾಡುವ ಮೊದಲೇ ಕರೆದಿದ್ದಾನೆ. ಆ ಮಗುವಿಗೆ ಸುಮ್ಮನಿರು ಅಂತ ಹೇಳಲಿಲ್ಲ, ಎತ್ತಿಕೊಂಡ. ನನಗೆ ತಿಳಿದ ವ್ಯತ್ಯಾಸ ಇಷ್ಟೇ.

ಇನ್ನೊಂದು. ಆಮೇಲೆ ಸೈತಾನ ಆತನನ್ನು ಶೋಧಿಸುವಾಗ ಏನು ಹೇಳುತ್ತಾನೆ, ಮತ್ತಾಯನ ನಾಲ್ಕನೇ ಅಧ್ಯಾಯದಲ್ಲಿ? ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ. ಧುಮುಕಿದ್ದರೆ ಇಡೀ ಯೆರೂಸಲೇಮು ಚಪ್ಪಾಳೆ ತಟ್ಟುತ್ತಿತ್ತು. ಆತನಿಗೆ ಅದು ಬೇಕಾಗಲಿಲ್ಲ. ಹೊಟ್ಟೆ ಹಸಿದಿತ್ತು, ಈ ಹಸಿವು ಇರಲಿಲ್ಲ.

ಅರಸೀಕೆರೆ ಪಯಣಿಗ

ಧನ್ಯವಾದ ಅಮ್ಮ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ನಮ್ಮಲ್ಲೂ ಒಲಿದ ದೇವರ ಮಾತಿದೆ. ಆದರೆ "ಕೆಲಸಕ್ಕೆ ಮೊದಲೇ ಮೆಚ್ಚುಗೆ" ಅನ್ನುವುದನ್ನು ಇವತ್ತು ರಾತ್ರಿ ಯೋಚಿಸುತ್ತೇನೆ.

ತುಮಕೂರು ಹೈದ

ಹಾಸನದ ಅಮ್ಮ, ಇದನ್ನು ಬರೆದಿಟ್ಟುಕೊಂಡೆ. ಗಿಟಾರ್ ಪೆಟ್ಟಿಗೆಯ ಒಳಗೆ ಅಂಟಿಸುತ್ತೇನೆ.

ಕೆಜಿಎಫ್ ಅಂಕಲ್

ನನ್ನ ಕಥೆ ಹೇಳುತ್ತೇನೆ. ನಾನು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವನು. ಮೂರು ಕಿಲೋಮೀಟರಿಗಿಂತ ಆಳ. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಅಂದರೆ ಆಗ ಊರಲ್ಲಿ ಒಂದು ತೂಕ. ಚರ್ಚಿನಲ್ಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಸಮಿತಿಯಲ್ಲಿದ್ದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಎಷ್ಟೋ ಜನ ಮಾಡಿದ ಹಾಗೆ ನಾನೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋದೆ. ಸಿಕ್ಕಿದ್ದು ಸೆಕ್ಯೂರಿಟಿ ಗಾರ್ಡ್ ಕೆಲಸ. ಮನೆಯಿಂದ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುತ್ತಿದ್ದೆ. ಯೂನಿಫಾರ್ಮ್ ಚೀಲದಲ್ಲಿ. ಬೆಂಗಳೂರಿಗೆ ಹೋದ ಮೇಲೆ ಬದಲಾಯಿಸುತ್ತಿದ್ದೆ. ಅಕ್ಕಪಕ್ಕದವರಿಗೆ ಆಫೀಸ್ ಕೆಲಸ ಅಂತ ಹೇಳಿದ್ದೆ. ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಯಾರಾದರೂ "ಈಗ ಏನು ಮಾಡ್ತಿದ್ದೀರಿ" ಅಂತ ಕೇಳಿದರೆ ಅನ್ನುವ ಹೆದರಿಕೆ. ಪ್ರಾರ್ಥನೆಯೂ ನಿಂತಿತು. ಜನರಿಂದ ಮುಖ ಮುಚ್ಚಿಕೊಂಡವನಿಗೆ ದೇವರ ಮುಂದೆಯೂ ಮುಖ ಎತ್ತಲು ಆಗುವುದಿಲ್ಲ. ಇದು ನನ್ನ ಅನುಭವ.

ಏಳೆಂಟು ತಿಂಗಳ ಮೇಲೆ ಒಂದು ದಿನ ರೈಲಿನಲ್ಲಿ ನಮ್ಮ ಸಮಿತಿಯಲ್ಲೇ ಇದ್ದ ಹಳೆಯ ಗೆಳೆಯ ಎದುರಿಗೆ ಕೂತ. ಅವನ ಕೈಯಲ್ಲೂ ಅಂಥದ್ದೇ ಚೀಲ. ಚೀಲ ಜಾರಿ ಬಿತ್ತು. ಒಳಗಿನಿಂದ ನೀಲಿ ಯೂನಿಫಾರ್ಮ್ ಆಚೆ ಬಂತು. ಅವನು ನನ್ನ ಮುಖ ನೋಡಿದ. ನಾನು ನನ್ನ ಚೀಲ ಬಿಚ್ಚಿ ತೋರಿಸಿದೆ. ಇಬ್ಬರೂ ಅತ್ತೆವು. ಪಕ್ಕದವರು ಯಾರೋ ಸತ್ತಿರಬೇಕು ಅಂದುಕೊಂಡರು.

ಮಾರನೇ ದಿನದಿಂದ ಅದೇ ಡಬ್ಬಿಯಲ್ಲಿ ಇಬ್ಬರೂ ಕೂತು ಬೈಬಲಿನಿಂದ ದಿನಕ್ಕೊಂದು ಕೀರ್ತನೆ ಓದಿದೆವು. 139ನೇ ಕೀರ್ತನೆ ಬಂದ ದಿನ ನೆನಪಿದೆ. "ಕರ್ತನೇ, ನೀನು ನನ್ನನ್ನು ಪರೀಕ್ಷಿಸಿ ತಿಳಿದುಕೊಂಡಿದ್ದೀ" ಅನ್ನುವ ಅರ್ಥದಲ್ಲಿ ಶುರುವಾಗುತ್ತದೆ. ಪಾತಾಳಕ್ಕೆ ಹೋದರೂ ನೀನು ಅಲ್ಲಿದ್ದೀ ಅನ್ನುತ್ತದೆ. ಗಣಿಯ ತಳ ನೋಡಿದವರು ನಾವು, ನಮಗೆ ಆ ಮಾತು ಬೇರೆ ರೀತಿ ತಾಗಿತು. ಚೀಲದೊಳಗೆ ಏನಿದೆ ಅಂತ ಆತನಿಗೆ ಮೊದಲಿನಿಂದ ಗೊತ್ತಿತ್ತು. ಆ ವಾರದಿಂದ ಯೂನಿಫಾರ್ಮ್ ಮನೆಯಿಂದಲೇ ಹಾಕಿಕೊಂಡು ಹೊರಟೆ. ಭಾನುವಾರ ಚರ್ಚಿಗೂ ಹೋದೆ, ಹಿಂದಿನ ಸಾಲಿಗೆ. ಸಂಬಳ ಜಾಸ್ತಿ ಆಗಲಿಲ್ಲ. ನಿದ್ದೆ ಬಂತು.

ಕರಾವಳಿ ಅಕ್ಕ

ಅಂಕಲ್, "ನಿದ್ದೆ ಬಂತು" ಅನ್ನುವ ಮಾತಿಗೆ ಕಣ್ಣು ತುಂಬಿತು. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ನಿಲ್ಲಿಸುವುದು ಯಾವಾಗಲೂ ಬಡ್ತಿ ಸಿಕ್ಕವರನ್ನು, ವೀಸಾ ಆದವರನ್ನು, ಮನೆ ಕಟ್ಟಿದವರನ್ನು. ನಿಮ್ಮಂಥವರನ್ನು ಯಾಕೆ ಕರೆಯುವುದಿಲ್ಲ? ಪೌಲ ಸಂತೋಷಿಸಿರಿ ಅಂತ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಮನೆಯಿಂದ. ಬೇಡಿ ಬಿಚ್ಚಿದ ಮೇಲಲ್ಲ. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು "ಕಲಿತುಕೊಂಡಿದ್ದೇನೆ" ಅನ್ನುತ್ತಾನೆ. ಕಲಿಯಲು ಅವನಿಗೂ ಸಮಯ ಹಿಡಿಯಿತು.

ಬಜ್ಪೆಯ ಅಪ್ಪ

ನಾವು ಕೊಂಕಣಿ ಕಥೊಲಿಕರು. ದೊಡ್ಡ ಮಗಳ ಮದುವೆಯಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ರೋಸ್ ಅಂದರೆ ನಮ್ಮಲ್ಲಿ ಮದುವೆಗೆ ಮುಂಚೆ ಮನೆಯಂಗಳದಲ್ಲಿ ತೆಂಗಿನ ಹಾಲು ಹಚ್ಚಿ ಆಶೀರ್ವಾದ ಮಾಡುವ ಶಾಸ್ತ್ರ. ಅಜ್ಜಿಯ ಕಾಲದಲ್ಲಿ ವಾಡೆಯವರು (ಕೇರಿಯವರು) ಸೇರಿ ಹಾಡು ಹೇಳಿ ಮುಗಿಸುತ್ತಿದ್ದರು. ನಾನು ಅದಕ್ಕೇ 400 ಜನರನ್ನು ಕರೆದೆ. ಸ್ಟೇಜು, ಲೈಟು, ಡಿಜೆ. ರಿಸೆಪ್ಶನ್ ಬೇರೆ. ಪಕ್ಕದ ಮನೆಯವರು ಗಲ್ಫಿನ ದುಡ್ಡಿನಲ್ಲಿ ಮಾಡಿದ್ದಕ್ಕಿಂತ ಕಡಿಮೆ ಆಗಬಾರದು ಅನ್ನುವ ಹಟ. ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು.

ಆ ರಾತ್ರಿ ಎಲ್ಲರೂ ಹೊಗಳಿದರು. ಒಂದು ವಾರಕ್ಕೆ ಮರೆತರು. ಮಗಳು ಒಂದು ವರ್ಷದ ಮೇಲೆ ಹೇಳಿದಳು, "ಅಪ್ಪಾ, ಅವತ್ತು ನೀವು ನನ್ನ ಹತ್ತಿರ ಒಂದು ಸಲವೂ ಕೂರಲಿಲ್ಲ."

ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ಎರಡನೇ ಮಗಳ ರೋಸಿಗೆ 60 ಜನ. ಮದುವೆಯ ಹಳೆಯ ವೊವಿಯೊ ಹಾಡುಗಳನ್ನು ನಮ್ಮ ಮನೆಯ ಹಿರಿಯ ಹೆಂಗಸರೇ ಹೇಳಿದರು. ತೆಂಗಿನ ಹಾಲು ಹಚ್ಚುವಾಗ ಮಗಳ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಲು ನನಗೆ ಸಮಯ ಸಿಕ್ಕಿತು. ಆ ಐದು ನಿಮಿಷದ ಸಂತೋಷ ಇವತ್ತಿಗೂ ಇದೆ.

ಕೋಲಾರದ ಓದುಗ

ವೊವಿಯೊ ಈಗ ಎಷ್ಟು ಜನರಿಗೆ ಬರುತ್ತದೆ? ರೆಕಾರ್ಡ್ ಮಾಡಿ ಇಡಿ ಸರ್.

ಬಜ್ಪೆಯ ಅಪ್ಪ

ನನ್ನ ದೊಡ್ಡಮ್ಮನಿಗೆ ಬರುತ್ತದೆ. ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ ಎಲ್ಲರೂ ಹೊಸ ಅಕ್ಕಿ ಊಟಕ್ಕೆ ಸೇರುತ್ತೇವೆ. ಆಗ ಮಾಡಿಸುತ್ತೇನೆ.

ಮಂಗಳೂರು ನರ್ಸ್

ಇಷ್ಟು ಜನ ಒಳ್ಳೆಯ ಮಾತು ಹೇಳಿದ್ದೀರಿ. ಒಂದು ಮಾತು ಯಾರೂ ಹೇಳಿಲ್ಲ, ಅದಕ್ಕೆ ಬಂದೆ. ಬೆಟಗೇರಿ ತಂಗಿ, ಅಳು ಒಂದು ರಾತ್ರಿಯದ್ದಾದರೆ ಸರಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಡಾಕ್ಟರ್ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ವಿಶ್ವಾಸ ಕಡಿಮೆ ಇರುವುದರಿಂದ ಖಿನ್ನತೆ" ಅಂತ ಹೇಳುವವರನ್ನು ಆಸ್ಪತ್ರೆಯ ವಾರ್ಡಿನಲ್ಲಿ ತುಂಬ ನೋಡಿದ್ದೇನೆ. ಆ ಮಾತು ಗಾಯದ ಮೇಲೆ ಉಪ್ಪು. ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಮೇಲೆ ಜಾಲಿ ಗಿಡದ ಕೆಳಗೆ ಕೂತು ಸಾವು ಕೇಳಿದ. ದೇವರು ಮೊದಲು ಕೊಟ್ಟದ್ದು ಪ್ರಸಂಗವನ್ನಲ್ಲ. ಮಲಗಲು ಬಿಟ್ಟ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದ.

ಹುಬ್ಬಳ್ಳಿ ಅಣ್ಣ

ನರ್ಸಮ್ಮನ ಮಾತಿಗೆ ಆಮೆನ್.

ಸಭೆ ಬಿಟ್ಟವನು

ನೀವೆಲ್ಲ ಚೆನ್ನಾಗಿ ಮಾತಾಡುತ್ತೀರಿ. ನಾನು ಆರು ವರ್ಷದಿಂದ ಚರ್ಚಿಗೆ ಹೋಗುತ್ತಿಲ್ಲ. ನಮಗೆ ಮಕ್ಕಳಾಗಲಿಲ್ಲ. ಪ್ರತಿ ಭಾನುವಾರ ಬಾಗಿಲಲ್ಲೇ ಒಬ್ಬರು "ವಿಶೇಷ ಏನಾದರೂ?" ಅಂತ ನನ್ನ ಹೆಂಡತಿಯನ್ನು ಕೇಳುತ್ತಿದ್ದರು. ಒಬ್ಬರು "ಗುಪ್ತ ಪಾಪ ಇದ್ದರೆ ಅರಿಕೆ ಮಾಡಿ" ಅಂದರು. ಅವಳು ಮನೆಗೆ ಬಂದು ಅಳುತ್ತಿದ್ದಳು. ಜನರ ಮೆಚ್ಚುಗೆ ಬೇಡ ಅಂತ ಹೇಳುವುದು ಸುಲಭ. ಆದರೆ ನಮ್ಮನ್ನು ಅಳೆದು ತೂಗಿದ್ದು ಅದೇ ಚರ್ಚಿನ ಜನ. ಆಫೀಸಿನವರು ಯಾವತ್ತೂ ಹೀಗೆ ನೋಯಿಸಲಿಲ್ಲ.

ಹುಬ್ಬಳ್ಳಿ ಅಣ್ಣ

ತಮ್ಮಾ, ನಾನು ನಿಮ್ಮ ಸಭೆಯವನಲ್ಲ. ಆದರೂ ಕ್ಷಮೆ ಕೇಳುತ್ತೇನೆ. "ವಿಶೇಷ ಏನಾದರೂ" ಅಂತ ನಾನೂ ಎಷ್ಟೋ ಜನರನ್ನು ಕೇಳಿದ್ದೇನೆ. ಪ್ರೀತಿಯಿಂದಲೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಇನ್ನು ಕೇಳುವುದಿಲ್ಲ.

ಧಾರವಾಡದ ಮೇಷ್ಟ್ರು

ಹುಟ್ಟು ಕುರುಡನನ್ನು ನೋಡಿ "ಇದು ಯಾರ ಪಾಪ" ಅಂತ ಶಿಷ್ಯರು ಕೇಳಿದರು. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂತ ಯೇಸು ಹೇಳಿದ. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ವಾದಕ್ಕೆ ಹೇಳುತ್ತಿಲ್ಲ. ಅವರಿಗೆ ಆ ಮಾತು ಹೇಳಿದವರು ತಪ್ಪು ಮಾಡಿದ್ದಾರೆ, ಅಷ್ಟೇ.

ಹಾಸನದ ಗೃಹಿಣಿ

ನಿಮ್ಮ ಹೆಂಡತಿಯ ಹೆಸರು ಗೊತ್ತಿಲ್ಲ. ಇವತ್ತು ರಾತ್ರಿ ಅವರಿಗಾಗಿ ಪ್ರಾರ್ಥಿಸುತ್ತೇನೆ. ದೇವರಿಗೆ ಹೆಸರು ಗೊತ್ತು.

ಕಾರ್ಕಳದವಳು

ಚರ್ಚಿನವರೂ ಲೋಕದವರೂ ಇಬ್ಬರೂ ನೋಯಿಸಿದರೆ ಏನು ಮಾಡುವುದು? ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ನಮ್ಮ ಕಾರ್ಕಳದ ಮಾಳದ ಹತ್ತಿರ, ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ಅಂತ ಜನರ ಕೋಪಕ್ಕೆ ಸಿಕ್ಕವರು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಆಗ ವಯಸ್ಸು ಇಪ್ಪತ್ತು. ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾವುದಿದೆ? ಆದರೆ ಅಪ್ಪ, ಅಮ್ಮ, ಅಕ್ಕ ಆಗಲೇ ಬರಗಾಲದಲ್ಲಿ ಹೋಗಿದ್ದರು. ಆಮೇಲೆ ಅಣ್ಣ ಹೋದ, ಮದುವೆಯಾಗಿ ಎರಡು ವರ್ಷದೊಳಗೆ ಗಂಡನೂ ಹೋದ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ, ಹೊಗಳಿದ್ದ ಎಷ್ಟೋ ಜನ ತಿರುಗಿಬಿದ್ದರು. ಅತ್ತ ಇಂಗ್ಲೆಂಡಿನ ಚರ್ಚಿನ ಹಿರಿಯರ ಜೊತೆಗೂ ವಾದ. ಅವರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಲು ರಮಾಬಾಯಿ ತಯಾರಿರಲಿಲ್ಲ. ಎರಡು ಕಡೆಯ ಮೆಚ್ಚುಗೆಯೂ ಇಲ್ಲದ ಜಾಗದಲ್ಲಿ ನಿಂತ ಹೆಂಗಸು.

ನನಗೆ ತುಂಬ ಮುಖ್ಯ ಅನಿಸುವುದು ಇದು. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಅಂತ. ಅದನ್ನು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಆಮೇಲೆ ಸಿಕ್ಕ ಸಂತೋಷದ ಬಗ್ಗೆಯೂ ಬರೆದಿದ್ದಾರೆ. 1893ರಲ್ಲಿ, ಅವರು ವಿಧವೆಯರಿಗಾಗಿ ನಡೆಸುತ್ತಿದ್ದ ಪುಣೆಯ ಶಾರದಾ ಸದನ ಶಾಲೆಯಿಂದ ಎಷ್ಟೋ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಪತ್ರಿಕೆಗಳಲ್ಲಿ ಬೈಗುಳ. ಮೂರು ವರ್ಷದ ಮೇಲೆ ಬರ ಬಂದಾಗ ಅದೇ ಹೆಂಗಸು ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಸಾಕಿದರು.

ಸಭೆ ಬಿಟ್ಟ ಅಣ್ಣಾ, ಚರ್ಚು ಸಿಕ್ಕಿ ಕ್ರಿಸ್ತ ಸಿಗದಿರುವುದು ಸಾಧ್ಯ. ನಿಮಗೆ ನೋವು ಕೊಟ್ಟದ್ದು ಆತ ಅಲ್ಲ ಅಂತ ಮಾತ್ರ ನಂಬಿ.

ಸಭೆ ಬಿಟ್ಟವನು

ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ರಮಾಬಾಯಿ ಬಗ್ಗೆ ಇನ್ನೂ ಓದಬೇಕು ಅಂದಳು. ಬೇರೆ ಏನೂ ಹೇಳಲಾರೆ ಈಗ.

ಶಿರಸಿ ಯುವಕ

ಮತ್ತೆ ಪ್ರಶ್ನೆಗೆ ಬರೋಣ. ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅಂತ ಆಕೆ ಕೇಳಿದ್ದು. ನಾನು ಮಾಡುವುದು ಹೇಳುತ್ತೇನೆ. ಫೋನ್ ಮುಟ್ಟುವ ಮೊದಲು ಒಂದು ಕೀರ್ತನೆ. ಹಾಸಿಗೆಯ ಮೇಲೇ. ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ. 210 ದಿನ ಆಯಿತು. ನಮ್ಮ ಯುವಕರ ಗ್ರೂಪಿನಲ್ಲಿ ಎಲ್ಲರೂ ದಿನವೂ ಹಾಕುತ್ತೇವೆ.

ಕರಾವಳಿ ಅಕ್ಕ

ಕೀರ್ತನೆ ಒಳ್ಳೆಯದು ತಮ್ಮಾ. ಗ್ರೂಪಿನಲ್ಲಿ ಹಾಕುವುದು ಬೇಡ ಅನಿಸುತ್ತದೆ. ಅಲ್ಲೇ ಮತ್ತೆ ಅದೇ ಗಾಳಿ ನುಗ್ಗುತ್ತದೆ. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರಕ್ಕೂ ಒಂದೇ ಮಾತು: ಗುಟ್ಟಾಗಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ. ಜನರಿಗೆ ತೋರಿಸಿ ಮಾಡಿದವರಿಗೆ ಬರಬೇಕಾದ ಫಲ ಆಗಲೇ ಬಂದಾಯಿತು. ಚಪ್ಪಾಳೆ ಸಿಕ್ಕಿತು, ಲೆಕ್ಕ ಮುಗಿಯಿತು.

ಶಿರಸಿ ಯುವಕ

ಆದರೆ ಗ್ರೂಪ್ ಇಲ್ಲದಿದ್ದರೆ ನಾನು ಎಂದೋ ನಿಲ್ಲಿಸಿರುತ್ತಿದ್ದೆ ಅಕ್ಕಾ. ಕೆಜಿಎಫ್ ಅಂಕಲ್ ಕೂಡ ಒಬ್ಬರೇ ಓದಲಿಲ್ಲವಲ್ಲ?

ಕೆಜಿಎಫ್ ಅಂಕಲ್

ಹುಡುಗ ಹೇಳುವುದು ಸರಿ. ಜೊತೆ ಬೇಕು. ಅವನು ನನ್ನ ಚೀಲ ನೋಡಿದವನು, ನಾನು ಅವನ ಚೀಲ ನೋಡಿದವನು. ಮುಚ್ಚಿಡಲು ಏನೂ ಇರಲಿಲ್ಲ. ತಪ್ಪಿದ ದಿನವನ್ನೂ ಗ್ರೂಪಿನಲ್ಲಿ ಹೇಳಲು ಆಗುತ್ತದಾ, ನೋಡಪ್ಪ. ಆಗುವುದಾದರೆ ಗ್ರೂಪ್ ಇರಲಿ.

ಶಿರಸಿ ಯುವಕ

ಇಲ್ಲ ಅಂಕಲ್. ತಪ್ಪಿದ ದಿನ ಸುಳ್ಳು ಗುರುತು ಹಾಕಿದ್ದೇನೆ, ಎರಡು ಸಲ. ಇವತ್ತೇ ಅವರಿಗೆ ಹೇಳುತ್ತೇನೆ.

ಹಾಸನದ ಗೃಹಿಣಿ

ನಾನು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುರು ಮಾಡಿ ಬಿಡದೆ ಉಳಿಸಿಕೊಂಡ ಒಂದು ಅಭ್ಯಾಸ ಇದೆ. ವಾರಕ್ಕೊಂದು ಒಳ್ಳೆಯ ಕೆಲಸ, ಯಾರಿಗೂ ಗೊತ್ತಾಗದ ಹಾಗೆ. ಗಂಡನಿಗೂ ಹೇಳುವುದಿಲ್ಲ. ಏನು ಮಾಡುತ್ತೇನೆ ಅಂತ ಇಲ್ಲೂ ಹೇಳುವುದಿಲ್ಲ. ಮೊದಲ ವಾರ ಹೇಳಿಬಿಡಬೇಕು ಅಂತ ನಾಲಿಗೆ ತುರಿಸಿತು. ಈಗ ಆ ಗುಟ್ಟು ನನ್ನ ಮತ್ತು ದೇವರ ನಡುವಿನ ಪ್ರೀತಿಯ ಹಾಗೆ ಅನಿಸುತ್ತದೆ.

ಗದಗಿನ ಮಗಳು

ವಿಷಯ ಬೇರೆ, ಕ್ಷಮಿಸಿ. ಬೆಟಗೇರಿ ಹುಡುಗಿ ಅಂತ ನೋಡಿ ಖುಷಿಯಾಯಿತು. ನನ್ನ ತವರು ಅಲ್ಲೇ. ಈಗ ದುಬೈ. ಈಸ್ಟರ್ ಬೆಳಗಿನ ಜಾವ ಕತ್ತಲಲ್ಲಿ ಸಮಾಧಿ ತೋಟಕ್ಕೆ ಹೋಗಿ ಹಾಡುತ್ತಿದ್ದೆವು. ಅಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ, ಯಾರ ದನಿ ಯಾವುದು ಅಂತಲೂ ತಿಳಿಯುತ್ತಿರಲಿಲ್ಲ. ಅಂಥ ಹಾಡು ಆಮೇಲೆ ಎಲ್ಲೂ ಕೇಳಲಿಲ್ಲ.

ಬೆಟಗೇರಿ ಹುಡುಗಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಪ್ರತಿಯೊಂದನ್ನೂ ಎರಡೆರಡು ಸಲ ಓದಿದೆ. ಗದಗಿನ ಅಕ್ಕಾ, ನಿಮ್ಮ ಮಾತು ಓದಿದಾಗ ಊರಿನ ಈಸ್ಟರ್ ಕಣ್ಣ ಮುಂದೆ ಬಂತು. ನಾನೂ ಅಲ್ಲಿ ಹಾಡಿದ್ದೇನೆ. ಅವತ್ತು ಯಾರಾದರೂ ಹೊಗಳಿದರಾ ಅನ್ನುವುದೂ ನೆನಪಿಲ್ಲ.

ಏನಾಯಿತು ಅಂತ ಹೇಳುತ್ತೇನೆ. ಗುಂಪನ್ನು ಬಿಟ್ಟಿಲ್ಲ. ಎರಡನೇ ಸೋಮವಾರ ಕ್ಯಾಂಟೀನಿನಲ್ಲಿ ಫೋನ್ ಚೀಲದೊಳಗೆ ಇಟ್ಟು ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಕಣ್ಣು ಬಿಟ್ಟರೆ ಮೂರು ಜನ ಊಟ ಮಾಡುತ್ತಿದ್ದರು, ನೋಡಿಯೇ ಇರಲಿಲ್ಲ. ಆ ತಮಾಷೆ ಮಾಡಿದವಳು ನೋಡಿದ್ದಳು. ಸಂಜೆ ಮೆಟ್ಟಿಲ ಹತ್ತಿರ ನಿಲ್ಲಿಸಿ, ಅವಳ ಅಮ್ಮನಿಗೆ ಹುಷಾರಿಲ್ಲ, ಪ್ರಾರ್ಥನೆ ಮಾಡುತ್ತೀಯಾ ಅಂತ ಕೇಳಿದಳು. ನನ್ನ ಅಷ್ಟು ದಿನದ ಭಯಕ್ಕೆ ಏನು ಅರ್ಥ ಇತ್ತು ಅಂತ ತಿಳಿಯಲಿಲ್ಲ. ಇಬ್ಬರೂ ಅಲ್ಲೇ ನಿಂತು ಪ್ರಾರ್ಥಿಸಿದೆವು.

ಗಾಯನ ತಂಡದಲ್ಲಿ ಇನ್ನೂ ಇದ್ದೇನೆ. ಒಬ್ಬಳೇ ಹಾಡುವುದು ಸ್ವಲ್ಪ ದಿನ ಬೇಡ ಅಂತ ಕೇಳಿಕೊಂಡೆ. ಹೋದ ಭಾನುವಾರ ಹಾಡು ಮುಗಿದ ಮೇಲೆ ಮತ್ತೆ ಯಾರ ಮುಖದಲ್ಲಿ ಏನಿದೆ ಅಂತ ಹುಡುಕಿದೆ. ಹಳೆಯ ಅಭ್ಯಾಸ. ಆಗ "ಮೆಚ್ಚಿದ್ದೇನೆ" ಅನ್ನುವ ಮಾತು ನೆನಪಾಯಿತು ಹಾಸನದ ಅಮ್ಮಾ. ಹುಡುಕುವುದು ನಿಂತಿತು ಅಂತ ಹೇಳಲಾರೆ. ಕಡಿಮೆ ಆಯಿತು. ರೊಟ್ಟಿ ತೆಗೆದುಕೊಂಡಾಗ ರೊಟ್ಟಿಯ ಮೇಲೇ ಮನಸ್ಸಿತ್ತು.

ಹಾಸನದ ಗೃಹಿಣಿ

ಸ್ತೋತ್ರ. ಮಗಳೇ, ಆ ಗೆಳತಿಯ ಅಮ್ಮ ಈಗ ಹೇಗಿದ್ದಾರೆ?

ಬೆಟಗೇರಿ ಹುಡುಗಿ

ಬುಧವಾರ ಆಪರೇಷನ್ ಇದೆ. ನಾನೂ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಎಲ್ಲರೂ ನೆನಪಿಡಿ.

ಸಭೆ ಬಿಟ್ಟವನು

ಬುಧವಾರ ಎಷ್ಟು ಗಂಟೆಗೆ? ನಾವಿಬ್ಬರೂ ಪ್ರಾರ್ಥಿಸುತ್ತೇವೆ.